ಸೈಕಲ್ಲು ಯಾರಿಗೆ?

ನಂದಿ ತಪ್ಪಲಿನ ದ್ರಾಕ್ಷಿ ತೋಟಗಳ ನಡುವೆ ರಜೆಯ ದಿನ ಸೈಕಲ್ ಏರಿ ವಿಹರಿಸುವವರನ್ನು ನಾನು ಹೀಗಳೆಯುವುದಿಲ್ಲ. ಸಮತಟ್ಟು ದಾರಿ, ತಂಪು ಗಾಳಿ, ಕೊನೆಗೊಂದು ಲೋಟ ವೈನು, ಸುಖವೇ ಸರಿ. ಆದರೆ ಸುತ್ತಲ ಹಳ್ಳಿಗಳಿಂದ ನಮ್ಮ ಬೂದಿಕೋಟೆಗೆ ಓದಲು ಬರುವ ಹೆಣ್ಣುಮಕ್ಕಳಿಗೆ ಸೈಕಲ್ಲೆಂದರೆ ಹೈಸ್ಕೂಲಿನ ದಾರಿ. ಎಂಟನೇ ತರಗತಿಯವರಿಗೆ ಸರ್ಕಾರ ಉಚಿತ ಸೈಕಲ್ ಕೊಡತೊಡಗಿದ್ದು 2006-07ರಲ್ಲಿ. ವೈನ್ ನೀತಿ ತಂದದ್ದು 2007ರಲ್ಲಿ. 2013ರಲ್ಲಿ ಬೆಂಗಳೂರು ನೀಲಿ ದ್ರಾಕ್ಷಿಗೆ ಭೌಗೋಳಿಕ ಮಾನ್ಯತೆಯೂ ಸಿಕ್ಕಿತು, ಸಂತೋಷ. ಸೈಕಲ್ ವಿತರಣೆ ಮಾತ್ರ 2020ರಲ್ಲಿ ಕೋವಿಡ್ ಬಂದಾಗ ನಿಂತಿತು. ಪಾಠ ಹೇಳುವ ನನಗೆ ಗೊತ್ತು: ನಾಲ್ಕು ದಿನ ಬಸ್ಸು ತಪ್ಪಿದರೆ ಹುಡುಗಿಯ ಓದು ತಪ್ಪುತ್ತದೆ, ಮನೆಯಲ್ಲಿ ಮದುವೆಯ ಮಾತು ಏಳುತ್ತದೆ. ವೈನಿಗೆ ನೀತಿ ಬರೆದ ಸರ್ಕಾರ ಮೊದಲು ಇವರ ಸೈಕಲ್ಲಿನ ಲೆಕ್ಕ ಒಪ್ಪಿಸಲಿ.