ಕಾಂಬಿನೇಷನ್ ಎಂಬ ಹೊಸ ಮಡಿ

"ಯಾವ ಕಾಂಬಿನೇಷನ್ನು?"

ಕಿಟಕಿಯ ಒಳಗಿನಿಂದ ದನಿ ಬಂತು. ಹತ್ತನೇ ಕ್ಲಾಸು ಪಾಸಾಗಿ ಪಿಯುಸಿಗೆ ಸೇರಲು ಅವ್ವನ ಜೊತೆ ಹೋಗಿದ್ದೆ. ಆ ದಿನದ ಕೂಲಿ ಬಿಟ್ಟು ಅವ್ವ ಬಂದಿದ್ದಳು. ಕಾಂಬಿನೇಷನ್ನು ಅಂದರೆ ತಿನ್ನೋದೋ ಉಡೋದೋ ನನಗೂ ಗೊತ್ತಿಲ್ಲ, ಅವಳಿಗೂ ಗೊತ್ತಿಲ್ಲ. ಒಳಗಿನವರು ಜಾತಿ ಸರ್ಟಿಫಿಕೇಟು ನೋಡಿದರು. ಮಾರ್ಕ್ಸ್ ಕಾರ್ಡು ನೋಡಲಿಲ್ಲ. "ಇವನಿಗೆ ಆರ್ಟ್ಸು ಸಾಕು ಬಿಡವ್ವಾ, ಸೈನ್ಸು ಕಷ್ಟ ಆಯ್ತದೆ" ಅಂದು ಎಚ್‌ಇಪಿಎಸ್ ಅಂತ ಬರೆದುಕೊಂಡರು. ಎರಡು ನಿಮಿಷದ ಕೆಲಸ. ಗಣಿತದಲ್ಲಿ ನನಗೆ 88 ಬಂದಿತ್ತು. ಅವ್ವ ಆ ಕಿಟಕಿಗೆ ಕೈ ಮುಗಿದಳು.

ಆ ಕೈಮುಗಿತ ಇವತ್ತಿಗೂ ನನ್ನ ಎದೆಯಲ್ಲಿ ಮುಳ್ಳಾಗಿ ಕೂತಿದೆ.

ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ ಓದಿದ್ದಕ್ಕೆ ನನಗೆ ನಾಚಿಕೆ ಇಲ್ಲ. ನಮ್ಮನ್ನು ತುಳಿದವರ ಲೆಕ್ಕ ಬರೆಯಲು ಆ ವಿದ್ಯೆಯೇ ಬೇಕು. ನನ್ನ ತಕರಾರು ಇಷ್ಟೇ. ಅದನ್ನು ನಾನು ಆರಿಸಲಿಲ್ಲ. ನನ್ನ ಹೆಸರಿನಲ್ಲಿ ಬೇರೆಯವರು ಆರಿಸಿದರು.

ಇದೇನು ಹೊಸ ಕಥೆಯಲ್ಲ ಗೆಳೆಯರೇ. ಬಾಬಾಸಾಹೇಬರು ಹೈಸ್ಕೂಲಿನಲ್ಲಿ ಸಂಸ್ಕೃತ ಓದಬೇಕೆಂದಿದ್ದರು. ಅಸ್ಪೃಶ್ಯನ ಮಗನಿಗೆ ಸಂಸ್ಕೃತ ಸಿಗಲಿಲ್ಲ, ಪರ್ಷಿಯನ್ ತೆಗೆದುಕೊಳ್ಳಬೇಕಾಯಿತು. 1907ರಲ್ಲಿ ಅವರು ಮೆಟ್ರಿಕ್ ಪಾಸಾದರು. ಸಂಸ್ಕೃತವನ್ನು ಮುಂದೆ ತಮ್ಮ ಹಟದಿಂದಲೇ ಕಲಿತರು. ಅವತ್ತು ಒಂದು ವಿಷಯಕ್ಕೆ ಬೇಲಿ ಹಾಕಲು ಶಾಸ್ತ್ರ ಬೇಕಿತ್ತು. ಇವತ್ತು ಶಾಸ್ತ್ರ ಬೇಕಿಲ್ಲ. "ನಮ್ಮಲ್ಲಿ ಆ ಸೆಕ್ಷನ್ ಇಲ್ಲ", "ಲೆಕ್ಚರರ್ ಪೋಸ್ಟ್ ಖಾಲಿ ಇದೆ", "ನಿನ್ನ ಕೈಲಿ ಆಗಲ್ಲ" ಅಂದರೆ ಮುಗೀತು. ಮಡಿ ಅದೇ. ಅದರ ಅಂಗಿ ಮಾತ್ರ ಬದಲಾಗಿದೆ.

ಈ ಬೇಲಿ ಹೇಗೆ ಕೆಲಸ ಮಾಡುತ್ತದೆ ನೋಡಿ. ಎಸ್ಸೆಸ್ಸೆಲ್ಸಿಯಲ್ಲಿ ಆರು ವಿಷಯ, 625 ಅಂಕ. ಅಲ್ಲಿಯ ತನಕ ಎಲ್ಲರಿಗೂ ಗಣಿತವಿದೆ, ವಿಜ್ಞಾನವಿದೆ. ಪಿಯುಸಿಯಲ್ಲಿ ಎರಡು ಭಾಷೆ, ನಾಲ್ಕು ಐಚ್ಛಿಕ ವಿಷಯ, 600 ಅಂಕ. ಆ ನಾಲ್ಕರಲ್ಲಿ ಜೀವನ ಇದೆ. ಭೌತ, ರಸಾಯನ, ಜೀವಶಾಸ್ತ್ರ ಇಲ್ಲದೆ ವೈದ್ಯಕೀಯ ಇಲ್ಲ, ಬಿಎಸ್ಸಿ ನರ್ಸಿಂಗೂ ಇಲ್ಲ. ಭೌತಶಾಸ್ತ್ರ, ಗಣಿತ ಇಲ್ಲದೆ ಸಿಇಟಿಯಿಂದ ಎಂಜಿನಿಯರಿಂಗ್ ಇಲ್ಲ. ಇನ್ನೊಂದು ತಮಾಷೆ ಕೇಳಿ. ಸಿಇಟಿಯಿಂದ ಬಿಎಸ್ಸಿ ಕೃಷಿಗೆ ಹೋಗಲೂ ವಿಜ್ಞಾನವನ್ನೇ ಓದಿರಬೇಕು. ತಲೆಮಾರುಗಳಿಂದ ಕಂಡವರ ಹೊಲ ಉತ್ತವನ ಮಗ ಆರ್ಟ್ಸು ಓದಿ ಕೃಷಿ ಕಾಲೇಜಿನ ಗೇಟಿನ ಆಚೆ ನಿಲ್ಲಬೇಕು!

ಸೈನ್ಸು ಓದಿದವನು ಮನಸ್ಸು ಬದಲಾದರೆ ಬಿಎಗೆ ಬರಬಹುದು, ಕಾನೂನಿಗೆ ಬರಬಹುದು. ಆರ್ಟ್ಸಿಗೆ ತಳ್ಳಿಸಿಕೊಂಡವನು ಆ ಕಡೆ ದಾಟಲಾರ. ಇದು ಒಂದೇ ಕಡೆಗೆ ತೆರೆಯೋ ಬಾಗಿಲು. ಇದನ್ನು ಹದಿನಾರರ ಕೂಸಿಗೆ ಯಾರಾದರೂ ಹೇಳಿದ್ದಾರಾ?

ಹೇಳಿದ್ದಾರೆ, ಆದರೆ ಯಾರ ಕೂಸಿಗೆ? ಮೇಷ್ಟರ ಮಗನಿಗೆ, ಡಾಕ್ಟರ ಮಗಳಿಗೆ ಎಂಟನೇ ಕ್ಲಾಸಿನಲ್ಲೇ ದಾರಿಯ ನಕ್ಷೆ ಊಟದ ಮನೆಯಲ್ಲೇ ಸಿಗುತ್ತದೆ. ನಮ್ಮವರಿಗೆ "ಪಾಸಾದರೆ ಸಾಕು ಕಣೋ" ಅನ್ನೋ ಆಶೀರ್ವಾದ. ಪಾಸಾದರೆ ಸಾಲದು! ಪಾಸಿನ ಗೆರೆಯೇ ಬೇರೆ, ಅರ್ಹತೆಯ ಗೆರೆಯೇ ಬೇರೆ. ಎಂಜಿನಿಯರಿಂಗ್ ಸೀಟಿಗೆ ಬೇಕಾದ ವಿಷಯಗಳಲ್ಲಿ ಸಾಮಾನ್ಯರಿಗೆ ಶೇಕಡ 45, ಮೀಸಲಾತಿಯವರಿಗೆ ಶೇಕಡ 40 ಬರಬೇಕು. ಬರೀ ಪಾಸಾಗಿ ಬಂದ ನಮ್ಮ ಹುಡುಗನ ಕೈಯಲ್ಲಿ ಮೀಸಲಾತಿ ಇದ್ದರೂ ಸೀಟಿಲ್ಲ. ಆಮೇಲೆ ಇವರೇ ಕೇಳುತ್ತಾರೆ, "ಮೀಸಲಾತಿ ಕೊಟ್ಟರೂ ನಿಮ್ಮವರು ಯಾಕೆ ಮುಂದೆ ಬರಲಿಲ್ಲ?" ಬಾಗಿಲ ಕೀಲಿ ಬಚ್ಚಿಟ್ಟುಕೊಂಡವರ ಪ್ರಶ್ನೆ ಇದು.

"ಆಸಕ್ತಿ ಇದ್ದವರು ಸೈನ್ಸು ತಗೋತಾರೆ" ಅನ್ನುವ ಬುದ್ಧಿವಂತರೇ, ಲ್ಯಾಬಿನ ಬಾಗಿಲು ತೆರೆದದ್ದನ್ನೇ ಕಾಣದ ಹುಡುಗಿಗೆ ಆಸಕ್ತಿ ಎಲ್ಲಿಂದ ಹುಟ್ಟಬೇಕು? ಸೈನ್ಸ್ ಇರೋ ಕಾಲೇಜು ತಾಲ್ಲೂಕಿನಲ್ಲಿ, ಸಂಜೆಯ ಬಸ್ಸು ಕೆಟ್ಟರೆ ಮನೆಗೆ ದಾರಿ ಇಲ್ಲ. ಅಂಥ ಕಡೆ ಅಪ್ಪ ಮಗಳನ್ನು ಕಳಿಸದಿದ್ದರೆ ಅದಕ್ಕೂ ಆಸಕ್ತಿಯ ಕೊರತೆ ಅಂತ ಹೆಸರಿಡುತ್ತೀರಾ?

1982ರಲ್ಲಿ ಗೋಕಾಕ್ ಚಳವಳಿ ನಡೆಯಿತು. ಶಾಲೆಯಲ್ಲಿ ಪ್ರಥಮ ಭಾಷೆ ಯಾವುದು ಅನ್ನೋ ಒಂದು ಪ್ರಶ್ನೆಗೆ ನಾಡು ಬೀದಿಗಿಳಿಯಿತು. ಇಳಿಯಬೇಕಾದದ್ದೇ. ಆದರೆ ಕೇರಿಯ ಹುಡುಗನ ಕಾಲೇಜಿನಲ್ಲಿ ಭೌತಶಾಸ್ತ್ರವೇ ಇಲ್ಲ ಅಂತ ಯಾವ ಬೀದಿ ತುಂಬಿತು ಹೇಳಿ?

ನಮ್ಮನ್ನೂ ನಾವು ಬಿಡಬಾರದು. ಏಪ್ರಿಲ್ 14ಕ್ಕೆ ಹಾರ ಹಾಕ್ತೀವಿ, ಮೈಕು ಕಟ್ತೀವಿ, ಭಾಷಣ ಬಿಗೀತೀವಿ. ಮೇ ತಿಂಗಳಲ್ಲಿ ರಿಸಲ್ಟು ಬಂದಾಗ ಕೇರಿಯ ಎಷ್ಟು ಮನೆಗೆ ಹೋಗಿ "ಮುಂದೇನು ಓದ್ತೀಯಾ ಮಗಾ" ಅಂತ ಕೇಳಿದ್ದೀವಿ? ನಾನಂತೂ ಬಹಳ ವರ್ಷ ಕೇಳಲಿಲ್ಲ. ಆ ತಪ್ಪು ನನ್ನದು.

ಹಳ್ಳಿಯ ಮೇಷ್ಟರೇ, ನಿಮ್ಮನ್ನು ಬೇಡುತ್ತಿಲ್ಲ, ಕೇಳುತ್ತಿದ್ದೇನೆ. ಎಂಟನೇ ತರಗತಿಯ ಗೋಡೆಯ ಮೇಲೆ ಒಂದು ಪಟ್ಟಿ ಬರೆಯಿರಿ. ಯಾವ ವಿಷಯ ಯಾವ ಬಾಗಿಲು ತೆರೆಯುತ್ತದೆ, ಎಷ್ಟು ಅಂಕ ಬೇಕು, ಯಾವುದು ಬಿಟ್ಟರೆ ಏನು ಮುಚ್ಚುತ್ತದೆ. ಎಸ್ಸೆಸ್ಸೆಲ್ಸಿ ಆದಮೇಲೆ ಮೂರು ವರ್ಷದ ಡಿಪ್ಲೊಮಾ ಮುಗಿಸಿ ಎಂಜಿನಿಯರಿಂಗಿನ ಎರಡನೇ ವರ್ಷಕ್ಕೆ ನೇರ ಸೇರುವ ದಾರಿಯೂ ಉಂಟು ಅಂತ ಬರೆಯಿರಿ. ಫೇಲಾದವನಿಗೆ ಅದೇ ವರ್ಷ ಮತ್ತೆ ಪರೀಕ್ಷೆ ಇದೆ ಅಂತ ಹೇಳಿ. "ನಿನ್ನ ಕೈಲಿ ಆಗಲ್ಲ" ಅನ್ನೋ ಮಾತನ್ನು ಮಾತ್ರ ನಾಲಿಗೆಯಿಂದ ಕಿತ್ತುಹಾಕಿ.

ಸಂಗಾತಿಗಳೇ, ಅಡ್ಮಿಷನ್ ದಿನ ಆ ಕಿಟಕಿಯ ಮುಂದೆ ನಮ್ಮ ಅವ್ವಂದಿರನ್ನು ಒಂಟಿಯಾಗಿ ನಿಲ್ಲಿಸಬೇಡಿ. ಜೊತೆಗೆ ನಿಲ್ಲಿ. ಹೋಬಳಿಯ ಸರ್ಕಾರಿ ಕಾಲೇಜಿಗೆ ವಿಜ್ಞಾನ ವಿಭಾಗ ಬೇಕು, ಪಾಠ ಮಾಡೋರು ಬೇಕು, ಬೀಗ ತೆರೆದ ಲ್ಯಾಬು ಬೇಕು ಅಂತ ಧರಣಿ ಕೂರಿ. ಆರಿಸಿಕೊಳ್ಳಲು ಎರಡು ದಾರಿಯಾದರೂ ಇದ್ದರೆ ಅದು ಆಯ್ಕೆ. ಒಂದೇ ಇದ್ದರೆ ಅದು ಜೀತ.

ನನ್ನ ತಂಗಿ ಈಗ ಒಂಬತ್ತನೇ ಕ್ಲಾಸು. ಅವಳ ಪಟ್ಟಿಯನ್ನು ನಮ್ಮ ಮನೆಯ ಮಣ್ಣುಗೋಡೆ ಮೇಲೆ ಇದ್ದಿಲಲ್ಲಿ ಬರೆದಿದ್ದೇನೆ. ಅವಳು ಏನು ಆರಿಸುತ್ತಾಳೋ ನನಗೆ ಗೊತ್ತಿಲ್ಲ. ಕವಿತೆಯನ್ನೇ ಆರಿಸಿದರೂ ಸಂತೋಷ. ಆದರೆ ಆ ಕಿಟಕಿಯಿಂದ "ಯಾವ ಕಾಂಬಿನೇಷನ್ನು?" ಅಂತ ದನಿ ಬಂದಾಗ ಉತ್ತರ ಅವಳ ಬಾಯಿಂದಲೇ ಬರುತ್ತದೆ. ಅವ್ವ ಈ ಸಲ ಕೈ ಮುಗಿಯೋದಿಲ್ಲ.