ನಮ್ಮನ್ನೂ ಒಂದು ಮಾತು ಕೇಳಿ

'ಭವಿಷ್ಯದ ಶಿಕ್ಷಣ' ಎಂಬ ಮಾತು ಕಿವಿಗೆ ಬಿದ್ದರೆ ನನಗೆ ಮೈ ಉರಿಯುತ್ತದೆ. ಆ ಮಾತನ್ನಾಡುವ ತಜ್ಞರು ಮೂರನೇ ತರಗತಿಯ ಕೊನೆಯ ಸಾಲಿನ ಮಗುವನ್ನು ನೋಡಿರುವುದಿಲ್ಲ. ಅದು ಪುಸ್ತಕವನ್ನು ಸರಿಯಾಗಿಯೇ ಹಿಡಿದಿರುತ್ತದೆ. ಪಕ್ಕದವಳ ತುಟಿ ನೋಡಿ ತಾನೂ ತುಟಿ ಆಡಿಸುತ್ತಿರುತ್ತದೆ. ಓದಲು ಮಾತ್ರ ಬರುವುದಿಲ್ಲ.

ಇದು ನನ್ನೊಬ್ಬಳ ಗೊಣಗಾಟವಲ್ಲ. 'ಪ್ರಥಮ್' ಸಂಸ್ಥೆಯವರು 2005ರಿಂದ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಮಕ್ಕಳಿಂದ ಓದಿಸಿ ನೋಡುತ್ತಾ ಬಂದಿದ್ದಾರೆ. ಆ ಸಮೀಕ್ಷೆಗೆ 'ಅಸರ್' ಎಂದು ಹೆಸರು. ಐದನೇ ತರಗತಿಯಲ್ಲಿದ್ದು ಎರಡನೇ ತರಗತಿಯ ಪಾಠ ಓದಬಲ್ಲವರು 2018ರಲ್ಲಿ ನೂರಕ್ಕೆ ಸುಮಾರು 50 ಮಂದಿ. ಕೊರೊನಾದಲ್ಲಿ ಶಾಲೆ ಮುಚ್ಚಿ ತೆರೆದ ಮೇಲೆ, 2022ರಲ್ಲಿ, 43.

ಹಳ್ಳಿಯ ಕಥೆ ಎನ್ನಬೇಡಿ. ಅದೇ ಪ್ರಥಮ್ 2001ರಿಂದ 2003ರವರೆಗೆ ಮುಂಬಯಿ, ವಡೋದರಾ ನಗರಗಳಲ್ಲಿ 'ಬಾಲಸಖಿ' ಪ್ರಯೋಗ ನಡೆಸಿತು. ಹಿಂದೆ ಬಿದ್ದ ಮಕ್ಕಳನ್ನು ದಿನಕ್ಕೆ ಎರಡು ಗಂಟೆ ಬೇರೆ ಕೂರಿಸಿಕೊಂಡು, ಹೈಸ್ಕೂಲು ಮುಗಿಸಿದ ಅಲ್ಲಿನ ಹುಡುಗಿಯರೇ ಅಕ್ಷರ, ಲೆಕ್ಕ ಹೇಳಿಕೊಟ್ಟರು. ಮಕ್ಕಳು ಕಲಿತರು. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ಅದನ್ನು ಅಳೆದು ತೋರಿಸಿದರು. ಇಂಥ ಪ್ರಯೋಗಗಳ ವಿಧಾನಕ್ಕಾಗಿಯೇ ಅವರಿಬ್ಬರಿಗೆ 2019ರ ನೊಬೆಲ್‌ನಲ್ಲಿ ಪಾಲು ಸಿಕ್ಕಿತು. ಮಗು ಯಾವ ತರಗತಿ ಎಂದು ನೋಡದೆ, ಅದು ಎಲ್ಲಿ ನಿಂತಿದೆಯೋ ಅಲ್ಲಿಂದ ಶುರುಮಾಡುವುದು. ನಮ್ಮ ಅಜ್ಜಿ ಇದ್ದಿದ್ದರೆ, 'ಇದಕ್ಕೆ ಬಹುಮಾನ ಬೇರೆ ಕೊಟ್ಟರೇ?' ಎನ್ನುತ್ತಿದ್ದಳು. ಆದರೂ ಅಳೆದದ್ದು ಸಣ್ಣ ಕೆಲಸವಲ್ಲ; ಅಳೆಯದಿದ್ದರೆ ಗಂಟಲು ದೊಡ್ಡದಿದ್ದವರ ಮಾತೇ ಗೆಲ್ಲುತ್ತದೆ.

ಅದಕ್ಕೂ ಮೊದಲೇ, 1995ರಲ್ಲಿ, ನಮ್ಮ ಹೆಗ್ಗಡದೇವನಕೋಟೆಯ ಶಿಕ್ಷಕರು ಆಂಧ್ರದ ರಿಷಿವ್ಯಾಲಿಯ ಶಾಲೆಗಳನ್ನು ನೋಡಿ ಬಂದು, ತಾವೇ ಕೂತು ಕಾರ್ಡು ಬರೆದು 'ನಲಿ-ಕಲಿ' ಕಟ್ಟಿದ್ದರು. ಅದೂ ಸಂಶೋಧನೆಯೇ ಅಲ್ಲವೇ? 2009-10ರಲ್ಲಿ ಅದು ರಾಜ್ಯದ ಸರಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು, ಆದೇಶವಾಗಿ. ಕಾರ್ಡು ಬಂತು, ತಟ್ಟೆ ಬಂತು. ಕಟ್ಟಿದವರ ಉತ್ಸಾಹವನ್ನು ಯಾವ ಲಾರಿಯಲ್ಲಿ ತರಲು ಸಾಧ್ಯ?

ನಾನು ಕೆಲಸಕ್ಕೆ ಸೇರಿದಾಗಿನಿಂದ ಎಷ್ಟೋ ಸಂಶೋಧಕರು ಬಂದು ನಮೂನೆ ತುಂಬಿಸಿಕೊಂಡು ಹೋಗಿದ್ದಾರೆ. ಮಕ್ಕಳ ತೂಕ, ತಾಯಿಯ ಓದು, ಮನೆಯ ದೀಪ, ಎಲ್ಲ ಕೇಳಿದರು. ಚಹಾ ಕುಡಿದರು. ಏನು ಕಂಡೆವೆಂದು ಹೇಳಲು ಒಬ್ಬರೂ ತಿರುಗಿ ಬರಲಿಲ್ಲ. ಹೆಣ್ಣು ನೋಡಲು ಬಂದು ಉಪ್ಪಿಟ್ಟು ತಿಂದು, ಹೂಂ ಎನ್ನದೆ, ಉಹೂಂ ಎನ್ನದೆ ಹೋದವರ ಹಾಗೆ!

ತಾಯಂದಿರೇ, ನೀವೂ ಅಷ್ಟೆ. ಶಾಲೆಗೆ ಬಂದರೆ ಕಂಪ್ಯೂಟರ್ ಇದೆಯೇ, ಇಂಗ್ಲಿಷ್ ಯಾವಾಗಿನಿಂದ ಎಂದು ಕೇಳುತ್ತೀರಿ. ಹಿಂದಿನ ಸಾಲಿನವರು ಓದುತ್ತಾರೆಯೇ ಎಂದು ಇದುವರೆಗೆ ಯಾರೂ ನನ್ನನ್ನು ಕೇಳಿಲ್ಲ.

ಸಂಶೋಧನೆಗೆ ಹಣ ಕೊಡುವವರು ಇನ್ನಾದರೂ ಒಂದು ಷರತ್ತು ಹಾಕಲಿ. ಕಂಡದ್ದನ್ನು ಕನ್ನಡದಲ್ಲಿ ಬರೆದು, ಅದೇ ಶಾಲೆಗೆ ಬಂದು, ನಮ್ಮೆದುರು ಓದಿ ಹೇಳಬೇಕು. ನಾವು ತಕರಾರು ತೆಗೆದರೆ ಅದನ್ನೂ ಬರೆದುಕೊಳ್ಳಬೇಕು. ಚಹಾ ಆಗಲೂ ಕೊಡುತ್ತೇವೆ.