ಕೈಗಡಿಯಾರ ಯಾರ ಕೈಯಲ್ಲಿದೆ?

ಸಕಲೇಶಪುರ, ಆಲೂರು ಸೀಮೆಯ ಕಾಡಾನೆಗಳ ಹಿಂಡುಗಳಲ್ಲಿ ಕೆಲವು ಹೆಣ್ಣಾನೆಗಳ ಕೊರಳಿಗೆ ಅರಣ್ಯ ಇಲಾಖೆಯವರು ರೇಡಿಯೋ ಕಾಲರ್ ಕಟ್ಟಿದ್ದಾರೆ. ಹಿಂಡು ಯಾವ ತೋಟದ ಮಗ್ಗುಲಲ್ಲಿದೆಯೆಂಬ ಸುದ್ದಿ ಜನರ ಫೋನಿಗೆ ಬರುತ್ತದೆ. ಕಾಫಿ ಕೊಯ್ಲಿಗೆ ಹೊರಟ ಆಳು ದಾರಿ ಬದಲಿಸಿ ಜೀವ ಉಳಿಸಿಕೊಳ್ಳಬಹುದು. ಇದಕ್ಕೆ ನಮ್ಮ ತಕರಾರಿಲ್ಲ. ಆದರೆ ಅಂಥದೇ ಕಾಲರನ್ನು ಮನುಷ್ಯನು ತನ್ನ ದುಡ್ಡು ತೆತ್ತು ತನ್ನ ಕೈಗೇ ಕಟ್ಟಿಕೊಳ್ಳುತ್ತಿದ್ದಾನಲ್ಲ, ಅದರ ವಿಚಾರ ಎರಡು ಮಾತು ಹೇಳಬೇಕಾಗಿದೆ.

ಸ್ಮಾರ್ಟ್ ವಾಚು ಹೊತ್ತು ತೋರಿಸುವುದಲ್ಲದೆ ಹೆಜ್ಜೆ ಎಣಿಸುತ್ತದೆ, ನಾಡಿ ನೋಡುತ್ತದೆ, ನಿದ್ದೆ ಅಳೆಯುತ್ತದೆ. ಅಳೆದುದನ್ನು ಫೋನಿನ ಮೂಲಕ ಕಂಪನಿಗೆ ಒಪ್ಪಿಸುವುದೂ ಉಂಟು. ತನ್ನ ಕಿರ್ದಿ ಖಾತೆಯನ್ನು ದಾರಿಹೋಕನ ಮುಂದೆ ಬಿಚ್ಚಿಡುವ ವ್ಯಾಪಾರಿ ಇದ್ದಾನೆಯೆ? ದೇಹದ ಕಿರ್ದಿಯನ್ನು ಮಾತ್ರ ನಾವು ಓದದೆಯೇ ‘ಒಪ್ಪಿದೆ’ ಎಂದು ಒತ್ತಿ ಕೊಟ್ಟುಬಿಡುತ್ತೇವೆ. 2018ರ ಜನವರಿಯಲ್ಲಿ ಸ್ಟ್ರಾವಾ ಕಂಪನಿಯ ಭೂಪಟದಲ್ಲಿ ಸೈನಿಕರು ಓಡಾಡಿದ ಗೆರೆಗಳು ಮೂಡಿ, ಗುಟ್ಟಿನ ಸೇನಾ ನೆಲೆಗಳೇ ಬಯಲಾದವು. ಸೈನ್ಯದ ಗುಟ್ಟೇ ಉಳಿಯದಿದ್ದಲ್ಲಿ ನಮ್ಮ ನಿಮ್ಮ ಗುಟ್ಟು ಉಳಿದೀತೆ?

ದುಡಿಯುವವನಿಗೆ ಇನ್ನೊಂದು ಅಪಾಯವುಂಟು. ನಾಗಪುರ, ಚಂಡೀಗಢಗಳಲ್ಲಿ ಪೌರಕಾರ್ಮಿಕರ ಕೈಗೆ ನಗರಪಾಲಿಕೆಗಳೇ ಜಿಪಿಎಸ್ ಗಡಿಯಾರ ಕಟ್ಟಿಸಿದವು. ಎಲ್ಲಿ ನಿಂತರು, ಎಷ್ಟು ಹೊತ್ತು ನಿಂತರು ಎಂಬುದೆಲ್ಲ ಮೇಲಿನವರ ಪರದೆಯ ಮೇಲೆ! ಕಾರ್ಮಿಕರು ಪ್ರತಿಭಟಿಸಿದ್ದು ನ್ಯಾಯವಾಗಿಯೇ ಇತ್ತು. ಕೂಲಿ ಕೊಟ್ಟವನು ಕೆಲಸವನ್ನು ಕೇಳಲಿ, ನಾಡಿಮಿಡಿತವನ್ನು ಕೇಳಕೂಡದು.

ನಮ್ಮ ನಾಡಿನಲ್ಲಿ ಬೇರೆ ಬಗೆಯ ಗಡಿಯಾರವೂ ಇತ್ತು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಕಾರದಿಂದ ಬೆಂಗಳೂರಿನಲ್ಲಿ ಸರಕಾರಿ ಒಡೆತನದ ಎಚ್.ಎಂ.ಟಿ. ಗಡಿಯಾರದ ಕಾರ್ಖಾನೆ ಆರಂಭವಾಯಿತು. ಅದರ ‘ಜನತಾ’ ಗಡಿಯಾರಕ್ಕೆ ಬೆಳಗ್ಗೆ ಕೀಲಿ ಕೊಟ್ಟರೆ ದಿನವಿಡೀ ನಡೆಯುತ್ತಿತ್ತು; ಯಾರಿಗೂ ಚಾಡಿ ಹೇಳುತ್ತಿರಲಿಲ್ಲ. ಆ ಗಡಿಯಾರ ಕಂಪನಿಯನ್ನು ಮುಚ್ಚಲು 2016ರಲ್ಲಿ ಕೇಂದ್ರ ಸಂಪುಟ ತೀರ್ಮಾನಿಸಿತು.

ಹಾಗಾದರೆ ಕೀಲಿಯ ಕಾಲಕ್ಕೇ ಹಿಂದಿರುಗಬೇಕೆ ಎಂದು ಕೇಳುವವರುಂಟು. ಬೇಕಿಲ್ಲ. 2012ರಲ್ಲಿ ಜನರಿಂದಲೇ ಮುಂಗಡ ಹಣ ಕೂಡಿಸಿ ಹೊರಟ ಪೆಬಲ್ ಎಂಬ ಸರಳ ವಾಚು ಫೋನಿನ ಸಂದೇಶ ತೋರಿಸುತ್ತಿತ್ತು. ಒಮ್ಮೆ ಚಾರ್ಜು ಮಾಡಿದರೆ ಹಲವು ದಿನ ಬರುತ್ತಿತ್ತು. 2016ರಲ್ಲಿ ಅದನ್ನು ಫಿಟ್‌ಬಿಟ್ ಕೊಂಡಿತು. 2021ರಲ್ಲಿ ಫಿಟ್‌ಬಿಟ್ಟೇ ಗೂಗಲ್‌ನ ವಶವಾಯಿತು. ಆದರೂ ಅಭಿಮಾನಿಗಳು ಬಿಡಲಿಲ್ಲ. 2025ರ ಜನವರಿಯಲ್ಲಿ ಅದರ ತಂತ್ರಾಂಶ ಎಲ್ಲರೂ ಓದಿ ಪರೀಕ್ಷಿಸುವಂತೆ ಬಹಿರಂಗವಾಯಿತು. ಹಿಂದೆ ಅದನ್ನು ಕಟ್ಟಿದ ಎರಿಕ್ ಮಿಗಿಕೋವ್‌ಸ್ಕಿಯವರೇ ಅದೇ ಬಗೆಯ ವಾಚು ಮಾಡಲು ಮತ್ತೆ ಹೊರಟರು. ಕಡಿಮೆ ಕೆಲಸ ಮಾಡುವ, ಆದರೆ ಒಡೆಯನಿಗೇ ನಿಷ್ಠವಾದ ಯಂತ್ರ ಜನಕ್ಕೆ ಬೇಕೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಖಾಸಗಿತನ ಶ್ರೀಮಂತರ ಶೋಕಿಯಲ್ಲ. ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ಅದನ್ನು ಮೂಲಭೂತ ಹಕ್ಕೆಂದು ಸಾರಿದ್ದಾರೆ. ಈ ಹಕ್ಕು ಗಿರಣಿಯ ಬಾಗಿಲಲ್ಲಿ ಕಳಚಿಡುವ ಚಪ್ಪಲಿಯಲ್ಲ.

ಆದ್ದರಿಂದ ವಾಚು ಕೊಳ್ಳುವವರು ಬೆಲೆಯೊಂದನ್ನೇ ಕೇಳಬೇಡಿ. ಫೋನಿನ ಹಂಗಿಲ್ಲದೆ ನಡೆಯುತ್ತದೆಯೆ, ಅಳತೆಯ ಲೆಕ್ಕ ಎಲ್ಲಿ ಉಳಿಯುತ್ತದೆ, ಅದನ್ನು ಅಳಿಸಬಹುದೆ ಎಂದೂ ಕೇಳಿ. ಮಾರುವ ಅಂಗಡಿಯವರು ಉತ್ತರ ತಿಳಿದಿಟ್ಟುಕೊಳ್ಳಿ. ಗಿರಾಕಿಯ ನಂಬಿಕೆಯೇ ನಿಮ್ಮ ಬಂಡವಾಳವಷ್ಟೆ. ಮಾಲೀಕನೇ ಪುಕ್ಕಟೆ ವಾಚು ಕಟ್ಟಲು ಬಂದರೆ, ಕೈ ನೀಡುವ ಮೊದಲು ಸಂಘದ ಸಭೆಯಲ್ಲಿ ಅದರ ಕರಾರು ಓದಿಸಿರಿ.